ಚಿತ್ರವನ್ನು ಒಪ್ಪಿಸುವ ಮೊದಲು: ಗ್ಯಾಲರಿಯ ಜೊತೆ ಬೆಳೆಯುವುದನ್ನು ಜಾರ್ಜಿಯಾ ಓಕೀಫ್ ಅವರಿಂದ ಕಲಿಯುವ ಬಗೆ

ಚಿತ್ರಕಲೆಯನ್ನು ಬದುಕಿನ ಕೆಲಸವಾಗಿ ಹಿಡಿದವರಿಗೆ, ಅದರಲ್ಲೂ ಒಂದು ಗ್ಯಾಲರಿಯ ಬಾಗಿಲು ತಟ್ಟಬೇಕೆಂದು ಯೋಚಿಸುತ್ತಿರುವವರಿಗೆ ಈ ಬರಹ. ಗ್ಯಾಲರಿಗೆ ಪತ್ರ ಬರೆಯುವುದು ಹೇಗೆ, ಚಿತ್ರಗಳ ಫೋಟೋ ತೆಗೆಯುವುದು ಹೇಗೆ ಎಂಬ ಸಲಹೆಗಳು ಎಲ್ಲೆಡೆ ಸಿಗುತ್ತವೆ. ಚಿತ್ರವನ್ನು ಬೇರೆಯವರ ಕೈಗೆ ಒಪ್ಪಿಸುತ್ತಲೇ ಅದರ ಮೇಲಿನ ತನ್ನ ಹಿಡಿತವನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡುವವರು ಮಾತ್ರ ಕಡಿಮೆ. ಅದನ್ನು ಕಲಿಯಲು ಜಾರ್ಜಿಯಾ ಓಕೀಫ್ ಅವರ ಬದುಕಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 1887ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸನ್ ಪ್ರೇರಿ ಎಂಬ ಊರಿನ ಬಳಿ ರೈತ ಕುಟುಂಬದಲ್ಲಿ ಹುಟ್ಟಿ, 1986ರಲ್ಲಿ ನ್ಯೂ ಮೆಕ್ಸಿಕೋದ ಸಾಂಟಾ ಫೆಯಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಕಲಾವಿದೆ, ಸುಮಾರು ಮೂವತ್ತು ವರ್ಷ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಛಾಯಾಗ್ರಾಹಕರ ಗ್ಯಾಲರಿಗಳ ಮೂಲಕವೇ ತಮ್ಮ ಚಿತ್ರಗಳನ್ನು ಜಗತ್ತಿಗೆ ತೋರಿಸಿದರು. 1924ರಲ್ಲಿ ಅವರಿಬ್ಬರು ಮದುವೆಯೂ ಆದರು. ಆ ದಾಂಪತ್ಯದ ಕಥೆಯನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ; ಇಲ್ಲಿ ನಮಗೆ ಬೇಕಾಗಿರುವುದು ಚಿತ್ರಕ್ಕೂ ಗೋಡೆಗೂ ನಡುವೆ ನಡೆದ ವ್ಯವಹಾರ.

ಮೊದಲು ಕೋಣೆಯ ಬಾಗಿಲು ಹಾಕಿಕೊಳ್ಳಿ

ಗ್ಯಾಲರಿ ಹುಡುಕುವುದು ಎರಡನೆಯ ಕೆಲಸ. ಮೊದಲನೆಯದು, ನಿಮ್ಮ ಚಿತ್ರಗಳಲ್ಲಿ ನಿಮ್ಮದು ಎಷ್ಟು, ಬೇರೆಯವರದ್ದು ಎಷ್ಟು ಎಂದು ಬೇರ್ಪಡಿಸಿ ನೋಡುವುದು.

ಓಕೀಫ್ ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಶಾಲೆಯಲ್ಲೂ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲೂ ಕಲಿತವರು. 1908ರಲ್ಲಿ, ಸತ್ತ ಮೊಲವೊಂದನ್ನು ತಾಮ್ರದ ಪಾತ್ರೆಯ ಪಕ್ಕದಲ್ಲಿಟ್ಟು ಬರೆದ ತೈಲವರ್ಣದ ಚಿತ್ರಕ್ಕೆ ಅವರಿಗೆ ಲೀಗ್‌ನಲ್ಲಿ ಬಹುಮಾನವೂ ಬಂತು. ಅವರ ಗುರು ವಿಲಿಯಂ ಮೆರಿಟ್ ಚೇಸ್ ಮೆಚ್ಚುವಂಥ ಕುಂಚದ ಕೆಲಸವೇ ಅದು. ಬಹುಮಾನ ಬಂದ ಮೇಲೆ ಬೇರೆ ಯಾರಾದರೂ ಅದೇ ದಾರಿಯಲ್ಲಿ ಮುಂದೆ ಹೋಗುತ್ತಿದ್ದರು. ಓಕೀಫ್ ಚಿತ್ರ ಬರೆಯುವುದನ್ನೇ ಕೆಲವು ವರ್ಷ ಬಿಟ್ಟರು. ಈ ಬಗೆಯಲ್ಲಿ ಹಿಂದಿನವರನ್ನು ಮೀರುವಂಥದ್ದನ್ನು ತಾನು ಮಾಡಲಾರೆ ಎಂದು ಅವರಿಗೆ ಅನ್ನಿಸಿತ್ತು; ಮನೆಯ ಹಣಕಾಸಿನ ಸ್ಥಿತಿಯೂ ಕೆಟ್ಟಿತ್ತು. ಚಿಕಾಗೋದಲ್ಲಿ ಜಾಹೀರಾತಿಗೆ ಚಿತ್ರ ಬರೆದುಕೊಡುವ ಕೆಲಸ ಮಾಡಿದರು. 1912ರ ಬೇಸಿಗೆಯಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಆರ್ಥರ್ ವೆಸ್ಲಿ ಡೌ ಅವರ ವಿಚಾರಗಳ ಪರಿಚಯವಾಗುವವರೆಗೆ ಅವರಿಗೆ ಹೊಸ ದಾರಿ ಕಂಡಿರಲಿಲ್ಲ. ಜಪಾನಿನ ಮುದ್ರಣಚಿತ್ರಗಳನ್ನು ಆಳವಾಗಿ ಅಭ್ಯಾಸ ಮಾಡಿದ್ದ ಡೌ, ಎದುರಿಗಿರುವುದನ್ನು ನಕಲು ಮಾಡುವುದಕ್ಕಿಂತ ಹಾಳೆಯ ಮೇಲಿನ ಜಾಗವನ್ನು ಚೆಂದವಾಗಿ ತುಂಬುವುದು, ಕಪ್ಪು ಬಿಳುಪನ್ನು ತೂಗಿಸುವುದು ಮುಖ್ಯವೆಂದು ಕಲಿಸುತ್ತಿದ್ದರು. ಆ ಬೇಸಿಗೆಯ ನಂತರ ಓಕೀಫ್ ಟೆಕ್ಸಾಸ್‌ನ ಅಮರಿಲೋದಲ್ಲಿ ಶಾಲಾ ಮಕ್ಕಳಿಗೆ ಕಲಿಸಿದರು.

ಈಗ ಮುಖ್ಯ ಘಟ್ಟಕ್ಕೆ ಬರೋಣ. 1915ರ ಶರತ್ಕಾಲದಲ್ಲಿ ಓಕೀಫ್ ದಕ್ಷಿಣ ಕೆರೊಲಿನಾದ ಕೊಲಂಬಿಯಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿ ಅವರು ತಮ್ಮ ಚಿತ್ರಗಳನ್ನೆಲ್ಲ ಕೋಣೆಯಲ್ಲಿ ಹರಡಿಟ್ಟು ನೋಡಿದರು. ಒಂದೊಂದನ್ನು ನೋಡುವಾಗಲೂ ಇದು ಈ ಗುರುವಿಗೆ ಮೆಚ್ಚುಗೆಯಾಗಲೆಂದು ಬರೆದದ್ದು, ಇದು ಆ ಗುರುವಿಗೆ ಎಂದು ಹೊಳೆಯಿತು. ತನ್ನ ತಲೆಯಲ್ಲೇ ಇರುವ ಆಕಾರಗಳು, ತನಗೆ ತೀರಾ ಸಹಜವಾದ ಕಾರಣಕ್ಕೇ ಬರೆಯಬೇಕೆಂದು ಹೊಳೆಯದ ಆಕಾರಗಳು, ಯಾವ ಹಾಳೆಯಲ್ಲೂ ಇರಲಿಲ್ಲ. ಎಲ್ಲವನ್ನೂ ಎತ್ತಿಟ್ಟು, ಬಣ್ಣವನ್ನೂ ಬದಿಗಿಟ್ಟು, ಇದ್ದಿಲು ಮತ್ತು ಹಾಳೆ ಮಾತ್ರ ಇಟ್ಟುಕೊಂಡು ಮೊದಲಿನಿಂದ ಶುರುಮಾಡಿದರು. ಕಪ್ಪು ಬಿಳುಪಿನಲ್ಲಿ ಹೇಳಲಾಗದ್ದು ಏನಾದರೂ ಬಂದರೆ ಮಾತ್ರ ಬಣ್ಣ ಮುಟ್ಟುವುದೆಂದು ತೀರ್ಮಾನಿಸಿದ್ದರು. ತಿಂಗಳುಗಳ ಮೇಲೆ ಮೊದಲು ಬೇಕಾದದ್ದು ನೀಲಿ.

ಇದನ್ನು ನೀವೂ ಮಾಡಬಹುದು, ಮಾಡಲೇಬೇಕು ಎನ್ನುತ್ತೇನೆ. ಕಳೆದ ಎರಡು ಮೂರು ವರ್ಷಗಳ ಕೆಲಸವನ್ನು ಒಂದೇ ಕೋಣೆಯ ಗೋಡೆಗಳಿಗೆ ಅಂಟಿಸಿ, ಒಂದು ವಾರ ಹಾಗೇ ಬಿಡಿ. ಬೆಳಿಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ. ಪ್ರತಿ ಚಿತ್ರದ ಪಕ್ಕದಲ್ಲಿ ಒಂದು ಚೀಟಿ ಇಟ್ಟು, ಅದನ್ನು ಯಾರು ಮೆಚ್ಚಲೆಂದು ಬರೆದಿರಿ ಎಂಬುದನ್ನು ಒಂದೇ ಪದದಲ್ಲಿ ಬರೆಯಿರಿ. ಗುರು, ಸ್ಪರ್ಧೆ, ಕೊಳ್ಳುವವರು, ಗೆಳೆಯರು, ಮೊಬೈಲಿನಲ್ಲಿ ನೋಡಿ ಮೆಚ್ಚುವವರು, ಹೀಗೆ. ಯಾವ ಹೆಸರೂ ಹೊಳೆಯದೆ ಚೀಟಿ ಖಾಲಿ ಉಳಿದ ಚಿತ್ರಗಳನ್ನು ಬೇರೆಯಾಗಿ ತೆಗೆದಿಡಿ. ಅವು ಎರಡೇ ಇದ್ದರೂ ನಿಮ್ಮ ಮುಂದಿನ ಕೆಲಸ ಅಲ್ಲಿಂದ ಶುರು. ಬಳಿಕ ಒಂದೇ ಸಾಮಗ್ರಿ, ಒಂದೇ ಅಳತೆಯ ಹಾಳೆ ಎಂದು ನಿಯಮ ಹಾಕಿಕೊಂಡು ಮೂರು ತಿಂಗಳಾದರೂ ಕೆಲಸ ಮಾಡಿ. ಆಯ್ಕೆಗಳು ಕಡಿಮೆಯಾದಷ್ಟೂ ಅಭ್ಯಾಸದ ಚಾತುರ್ಯ ಬೇಗ ಮುಗಿದುಹೋಗುತ್ತದೆ, ಆಮೇಲೆ ಕೈ ನಿಜವಾಗಿ ಹುಡುಕಲು ತೊಡಗುತ್ತದೆ.

ಹೀಗೆ ಹುಡುಕಿದ್ದರ ಫಲ ಹೇಗಿರುತ್ತದೆ ಎಂದು ನೋಡಬೇಕಾದರೆ ಓಕೀಫ್ ಅವರ 1916ರ 'ಬ್ಲೂ ಲೈನ್ಸ್' ಎಂಬ ಜಲವರ್ಣವನ್ನು ಹತ್ತಿರದಿಂದ ನೋಡಿ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಪಕ್ಕಪಕ್ಕದಲ್ಲೇ ಮೇಲೇಳುವ ಎರಡು ತೆಳುವಾದ ನೀಲಿ ಗೆರೆಗಳು. ಒಂದು ನೆಟ್ಟಗೆ ಏರುತ್ತದೆ. ಇನ್ನೊಂದು ನಡುವೆ ಮುರಿದು, ಓರೆಯಾಗಿ ತಿರುಗಿ, ಮತ್ತೆ ಮೇಲಕ್ಕೆ ಹೊರಡುತ್ತದೆ. ಅದಕ್ಕಿಂತ ಹೆಚ್ಚೇನೂ ಇಲ್ಲವೆನ್ನಬಹುದು. ಅಷ್ಟನ್ನೇ ಅವರು ಮೊದಲು ಇದ್ದಿಲಿನಲ್ಲಿ ಬರೆದರು, ಆಮೇಲೆ ಕಪ್ಪು ಜಲವರ್ಣದಲ್ಲಿ ಮತ್ತೆ ಮತ್ತೆ ಬರೆದರು, ಕಡೆಗೆ ನೀಲಿಯಲ್ಲಿ ಸರಿಯೆನಿಸಿತು. ಎರಡು ಗೆರೆಗಳಿಗೆ ಅಷ್ಟು ಹಾಳೆ ಖರ್ಚು ಮಾಡಿದ ಕೈ ಅದು. ಗ್ಯಾಲರಿಯವರ ಮುಂದೆ ಒಂದು ಚಿತ್ರ ಇಡುವಾಗ ಅದರ ಹಿಂದೆ ಇಂಥ ಐದಾರು ಹಾಳೆಗಳು ಇವೆಯೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಗ್ಯಾಲರಿಯನ್ನು ಅದರ ಗೋಡೆಗಳಿಂದ ಅರಿಯಿರಿ

ಸ್ಟೀಗ್ಲಿಟ್ಸ್ 1905ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನ 291ನೆಯ ಸಂಖ್ಯೆಯ ಕಟ್ಟಡದಲ್ಲಿ ತೆರೆದ ಸಣ್ಣ ಗ್ಯಾಲರಿಗೆ ಜನ '291' ಎಂದೇ ಹೆಸರಿಟ್ಟಿದ್ದರು. ಮೊದಲು ಛಾಯಾಚಿತ್ರಗಳಿಗಾಗಿ ಹುಟ್ಟಿದ ಆ ಪುಟ್ಟ ಕೋಣೆಗಳಲ್ಲಿ ಅಮೆರಿಕದವರು ರೊಡಾನ್ ಅವರ ರೇಖಾಚಿತ್ರಗಳನ್ನು, ಮಾತೀಸ್, ಸೆಜಾನ್, ಪಿಕಾಸೊ ಅವರ ಕೃತಿಗಳನ್ನು ಮೊದಮೊದಲು ಕಂಡರು. 1908ರಲ್ಲಿ ರೊಡಾನ್ ಪ್ರದರ್ಶನ ನೋಡಲು ಹೋದ ವಿದ್ಯಾರ್ಥಿಗಳ ಗುಂಪಿನಲ್ಲಿ ಓಕೀಫ್ ಕೂಡ ಇದ್ದರು. ಅಂದರೆ ತಮ್ಮ ಚಿತ್ರ ಆ ಗೋಡೆಗೆ ಏರುವ ಎಂಟು ವರ್ಷ ಮೊದಲೇ ಅವರು ಆ ಗೋಡೆಯನ್ನು ನೋಡಿದ್ದರು. ಸ್ಟೀಗ್ಲಿಟ್ಸ್ ಹೊರತರುತ್ತಿದ್ದ 'ಕ್ಯಾಮೆರಾ ವರ್ಕ್' ಪತ್ರಿಕೆಯನ್ನೂ ಓದುತ್ತಿದ್ದರು. 1915ರ ಅಕ್ಟೋಬರಿನಲ್ಲಿ ಗೆಳತಿ ಅನಿಟಾ ಪೊಲಿಟ್ಜರ್‌ಗೆ ಬರೆದ ಪತ್ರದಲ್ಲಿ, ತಾನು ಮಾಡಿದ್ದನ್ನು ಬೇರೆ ಯಾರಿಗಿಂತಲೂ ಸ್ಟೀಗ್ಲಿಟ್ಸ್ ಮೆಚ್ಚಿದರೆ ತನಗೆ ಹೆಚ್ಚು ಸಂತೋಷ ಎಂದು ಹೇಳಿಕೊಂಡಿದ್ದರು.

ಇದರಿಂದ ತೆಗೆದುಕೊಳ್ಳಬೇಕಾದ ಕ್ರಮ ಸರಳವಾಗಿದೆ. ಇಪ್ಪತ್ತು ಗ್ಯಾಲರಿಗಳಿಗೆ ಒಂದೇ ಪತ್ರ ಕಳಿಸುವ ಬದಲು ಎರಡೋ ಮೂರೋ ಗ್ಯಾಲರಿಗಳನ್ನು ಆರಿಸಿಕೊಂಡು, ಅಲ್ಲಿನ ಪ್ರದರ್ಶನಗಳನ್ನು ಒಂದು ವರ್ಷ ತಪ್ಪದೆ ನೋಡಿ. ಚಿತ್ರಗಳ ನಡುವೆ ಅವರು ಎಷ್ಟು ಜಾಗ ಬಿಡುತ್ತಾರೆ, ಹೊಸಬರನ್ನು ಒಮ್ಮೆ ತೋರಿಸಿ ಬಿಡುತ್ತಾರೋ ಎರಡನೆಯ ಸಲವೂ ಕರೆಯುತ್ತಾರೋ, ಉದ್ಘಾಟನೆಯ ಸಂಜೆ ಬಿಟ್ಟು ಉಳಿದ ದಿನಗಳಲ್ಲಿ ಬಂದವರ ಜೊತೆ ಯಾರಾದರೂ ಚಿತ್ರದ ಬಗ್ಗೆ ಮಾತಾಡುತ್ತಾರೋ, ಇವನ್ನು ಗಮನಿಸಿ. ಸ್ಟೀಗ್ಲಿಟ್ಸ್ ಬೆಳಗಿನಿಂದ ಸಂಜೆಯವರೆಗೆ ಗ್ಯಾಲರಿಯಲ್ಲೇ ನಿಂತು, ಬಂದವರಿಗೆ ಚಿತ್ರವನ್ನು ಹೇಗೆ ನೋಡಬೇಕೆಂದು ಗಂಟೆಗಟ್ಟಲೆ ಹೇಳುತ್ತಿದ್ದವರು. ಅಂಥವರು ಅಪರೂಪ, ಆದರೆ ಆ ಗುಣದ ಒಂದಂಶವಾದರೂ ಇಲ್ಲದ ಕಡೆ ಚಿತ್ರ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಒಪ್ಪಿಗೆ ಎಂಬುದು ಕಾಗದದ ಮೇಲಿರಲಿ

ಓಕೀಫ್ ತಮ್ಮ ಇದ್ದಿಲಿನ ಚಿತ್ರಗಳನ್ನು ಸುರುಳಿ ಸುತ್ತಿ ಪೊಲಿಟ್ಜರ್‌ಗೆ ಅಂಚೆಯಲ್ಲಿ ಕಳಿಸಿದರು. ಬೇರೆ ಯಾರಿಗೂ ತೋರಿಸಬಾರದೆಂದು ಕೇಳಿಕೊಂಡಿದ್ದರು. 1916ರ ಜನವರಿ 1ರಂದು, ಸ್ಟೀಗ್ಲಿಟ್ಸ್ ಅವರ 52ನೆಯ ಹುಟ್ಟುಹಬ್ಬದ ದಿನ, ಪೊಲಿಟ್ಜರ್ ಆ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು 291ಕ್ಕೆ ಹೋದರು. ಮೇ ತಿಂಗಳ ಕೊನೆಗೆ ಅವುಗಳಲ್ಲಿ ಹತ್ತು ಚಿತ್ರಗಳು ಗೋಡೆಯ ಮೇಲಿದ್ದವು. ಬರೆದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆ ಹೊತ್ತಿಗೆ ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿಗೆ ಮರಳಿದ್ದ ಓಕೀಫ್‌ಗೆ, 'ವರ್ಜೀನಿಯಾ ಓಕೀಫ್' ಎಂಬವರ ಪ್ರದರ್ಶನ ನಡೆಯುತ್ತಿದೆ ಎಂಬ ಸುದ್ದಿಯಾಗಿ ಇದು ತಿಳಿಯಿತು. ಹೆಸರು ಕೂಡ ತಪ್ಪಾಗಿ ಹರಡಿತ್ತು. ಕೋಪದಿಂದ ಗ್ಯಾಲರಿಗೆ ಹೋಗಿ ಚಿತ್ರಗಳನ್ನು ಇಳಿಸಬೇಕೆಂದರು, ವಾದ ನಡೆಯಿತು, ಕೊನೆಗೆ ಚಿತ್ರಗಳು ಅಲ್ಲೇ ಉಳಿದವು.

ಈ ಪ್ರಸಂಗವನ್ನು ಹಲವರು ಒಂದು ಒಲುಮೆಯ ಕಥೆಯ ಶುಭಾರಂಭದಂತೆ ಹೇಳುತ್ತಾರೆ. ನನಗೆ ಹಾಗೆ ಓದಲು ಮನಸ್ಸಾಗುವುದಿಲ್ಲ. ಕೊನೆಗೆ ಒಳ್ಳೆಯದೇ ಆಯಿತೆಂಬ ಕಾರಣಕ್ಕೆ, ಕೇಳದೆ ತೂಗುಹಾಕಿದ್ದು ಸರಿಯಾಗುವುದಿಲ್ಲ. ಆದರೆ ಓಕೀಫ್ ಮಾಡಿದ ಎರಡು ಕೆಲಸಗಳನ್ನು ಒಟ್ಟಿಗೆ ನೋಡಬೇಕು: ಅವರು ಸುಮ್ಮನಿರಲಿಲ್ಲ, ಸಂಬಂಧವನ್ನು ಕಡಿದುಕೊಳ್ಳಲೂ ಇಲ್ಲ. ಚಿತ್ರಗಳು ತನ್ನವು, ತೀರ್ಮಾನವೂ ತನ್ನದು ಎಂದು ಮುಖಾಮುಖಿ ಹೇಳಿದ ಮೇಲೆ, ಉಳಿಯಲಿ ಎಂಬ ಒಪ್ಪಿಗೆಯೂ ಅವರದ್ದೇ ಆಯಿತು. ಮುಂದಿನ ವರ್ಷ, 1917ರ ಏಪ್ರಿಲ್‌ನಲ್ಲಿ, 291ರಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು; ಆ ಗ್ಯಾಲರಿಯ ಕಡೆಯ ಪ್ರದರ್ಶನವೂ ಅದೇ. ಟೆಕ್ಸಾಸ್‌ನ ಕ್ಯಾನಿಯನ್‌ನಲ್ಲಿ ಪಾಠ ಹೇಳುತ್ತಿದ್ದ ಓಕೀಫ್ ರೈಲು ಹತ್ತಿ ಬರುವಷ್ಟರಲ್ಲಿ ಚಿತ್ರಗಳು ಗೋಡೆಯಿಂದ ಇಳಿದಾಗಿತ್ತು. ಸ್ಟೀಗ್ಲಿಟ್ಸ್ ಅವರೊಬ್ಬರಿಗಾಗಿ ಎಲ್ಲವನ್ನೂ ಮತ್ತೆ ತೂಗುಹಾಕಿ ತೋರಿಸಿದರು. ಗ್ಯಾಲರಿ ನಡೆಸುವವರ ಪ್ರೀತಿ ಮಾತಿನಲ್ಲಿ ತಿಳಿಯುವುದಿಲ್ಲ, ಇಂಥ ಕೆಲಸದಲ್ಲಿ ತಿಳಿಯುತ್ತದೆ.

ಕಾಗದವಿಲ್ಲದೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಚಿತ್ರಗಳಿಂದಲೇ ಕಲಿತಿದ್ದೇನೆ. ಹಲವು ವರ್ಷಗಳ ಹಿಂದೆ ಗ್ಯಾಲರಿಯೊಂದಕ್ಕೆ ಹನ್ನೊಂದು ಜಲವರ್ಣಗಳನ್ನು ಕೊಟ್ಟೆ. ಪರಿಚಯದವರು, ನಂಬಿಕೆಯವರು ಎಂದು ಪಟ್ಟಿ ಬರೆಸಿಕೊಳ್ಳಲಿಲ್ಲ. ಪ್ರದರ್ಶನ ಮುಗಿದು ಮೂರು ತಿಂಗಳ ಮೇಲೆ ಒಂಬತ್ತು ಚಿತ್ರಗಳು ಮರಳಿದವು. ಉಳಿದೆರಡು ಮಾರಾಟವಾದವೋ, ಕಳೆದವೋ, ಯಾರ ಮನೆಗಾದರೂ ಹೋದವೋ ಎಂದು ಅಲ್ಲಿ ಯಾರಿಗೂ ಹೇಳಲಾಗಲಿಲ್ಲ. ಅವುಗಳಲ್ಲಿ ಒಂದು ಮಳೆಗಾಲದ ತುಂಗೆಯ ದಂಡೆಯ ಕಲ್ಲುಮಂಟಪ. ಅರ್ಧ ಮುಳುಗಿದ ಕಂಬಗಳ ನೆರಳಿಗೆ ಹಚ್ಚಿದ ಹಸಿರು ಮತ್ತೆ ನನ್ನ ಕೈಗೆ ಬಂದಿಲ್ಲ. ಅಂದಿನಿಂದ ಒಂದು ಚಿತ್ರವೂ ರಸೀದಿಯಿಲ್ಲದೆ ನನ್ನ ಮನೆಯ ಹೊಸ್ತಿಲು ದಾಟಿಲ್ಲ.

ಆ ಕಾಗದದಲ್ಲಿ ಇರಬೇಕಾದವು ಇವು: ಪ್ರತಿ ಚಿತ್ರದ ಹೆಸರು, ವರ್ಷ, ಸಾಮಗ್ರಿ, ಚೌಕಟ್ಟು ಸೇರಿಸಿ ಮತ್ತು ಬಿಟ್ಟು ಎರಡೂ ಅಳತೆಗಳು, ಮಾರಾಟದ ಬೆಲೆ, ನಿಮ್ಮ ಹೆಸರು ಹೇಗೆ ಅಚ್ಚಾಗಬೇಕು ಎಂಬುದು, ಗ್ಯಾಲರಿಯ ಪಾಲು ಶೇಕಡಾ ಎಷ್ಟು, ರಿಯಾಯಿತಿ ಕೊಟ್ಟರೆ ಅದು ಯಾರ ಪಾಲಿನಿಂದ ಹೋಗುತ್ತದೆ, ಸಾಗಾಟ, ಚೌಕಟ್ಟು, ವಿಮೆಯ ಖರ್ಚು ಯಾರದ್ದು, ಮಾರಾಟವಾದ ಎಷ್ಟು ದಿನಗಳಲ್ಲಿ ಹಣ ಬರುತ್ತದೆ, ಮಾರದ ಚಿತ್ರ ಯಾವ ದಿನಾಂಕದೊಳಗೆ ಮರಳುತ್ತದೆ. ಗ್ಯಾಲರಿಗಳು ಸಾಮಾನ್ಯವಾಗಿ ಬೆಲೆಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತೆಗೆದುಕೊಳ್ಳುತ್ತವೆ. ಅದು ಅನ್ಯಾಯವಲ್ಲ, ಆದರೆ ಅದಕ್ಕೆ ಪ್ರತಿಯಾಗಿ ಏನು ಮಾಡುತ್ತಾರೆ ಎಂಬುದು ಮೊದಲೇ ಬರೆದಿರಬೇಕು. ಕೊಳ್ಳುವವರ ಹೆಸರನ್ನು ನಿಮಗೆ ತಿಳಿಸುತ್ತಾರೆಯೇ ಎಂಬುದನ್ನೂ ಕೇಳಿ. ಚಿತ್ರ ಎಲ್ಲಿದೆ ಎಂದು ತಿಳಿಯದಿದ್ದರೆ ಇಪ್ಪತ್ತು ವರ್ಷಗಳ ಮೇಲೆ ಸಿಂಹಾವಲೋಕನ ಪ್ರದರ್ಶನ ಮಾಡಲಾಗುವುದಿಲ್ಲ.

ಇನ್ನೊಂದು ಸಣ್ಣ ಕೆಲಸ: ಚಿತ್ರದ ಬೆನ್ನಿನಲ್ಲಿ ಗುರುತು ಹಾಕಿ. ಓಕೀಫ್ ಚಿತ್ರದ ಮುಂಭಾಗದಲ್ಲಿ ಸಹಿ ಹಾಕುತ್ತಿದ್ದುದು ತೀರಾ ಅಪರೂಪ; ಅನೇಕ ಚಿತ್ರಗಳ ಹಿಂಬದಿಯಲ್ಲಿ ಐದು ಮೂಲೆಯ ನಕ್ಷತ್ರ ಬರೆದು ಅದರೊಳಗೆ ತಮ್ಮ ಹೆಸರಿನ ಅಕ್ಷರಗಳನ್ನು ಬರೆಯುತ್ತಿದ್ದರು.

ಗ್ಯಾಲರಿ ಬೇಡವೆಂದಾಗ

ಹೊಸ ಕಲಾವಿದರು ಹೆಚ್ಚು ಎಡವುವುದು ಇಲ್ಲಿ. ಗ್ಯಾಲರಿಯವರು ಒಂದು ಬಗೆಯ ಚಿತ್ರವನ್ನು ಮೆಚ್ಚಿದರೆ, ಮುಂದಿನ ವರ್ಷವೂ ಅಂಥದ್ದನ್ನೇ ನಿರೀಕ್ಷಿಸುತ್ತಾರೆ. ಹೊಸದನ್ನು ಒಯ್ದರೆ ಮುಖ ಸಣ್ಣಗಾಗುತ್ತದೆ. ಸ್ಟೀಗ್ಲಿಟ್ಸ್‌ರಂಥವರಿಗೂ ಇದು ಆಗಿತ್ತು.

1925ರಲ್ಲಿ ಆ ದಂಪತಿ ಮ್ಯಾನ್‌ಹ್ಯಾಟನ್ನಿನ ಶೆಲ್ಟನ್ ಹೋಟೆಲಿನ ಎತ್ತರದ ಮಹಡಿಯಲ್ಲಿ ವಾಸಕ್ಕೆ ಹೋದರು. ಓಕೀಫ್‌ಗೆ ನಗರವನ್ನೇ ಬರೆಯಬೇಕೆನಿಸಿತು. ಸುತ್ತಲಿದ್ದ ಗಂಡಸರು, ನ್ಯೂಯಾರ್ಕ್ ಅನ್ನು ಗಂಡಸರೇ ಸರಿಯಾಗಿ ಬರೆದಿಲ್ಲ, ಅದು ನಿನ್ನಿಂದಾಗದ ಕೆಲಸ ಎಂದರು. ಕಟ್ಟಡಗಳ ನಡುವಿನ ಕಿರಿದಾದ ಆಕಾಶ, ಮೋಡದ ಎಡೆಯಲ್ಲಿ ಚಂದ್ರ, ಕೆಳಗೆ ಬೆಳಕಿನ ಬಳೆ ತೊಟ್ಟ ಬೀದಿದೀಪ ಇರುವ ಅವರ ಮೊದಲ ನಗರಚಿತ್ರವನ್ನು, ಅದೇ ವರ್ಷ ಆಂಡರ್ಸನ್ ಗ್ಯಾಲರೀಸ್‌ನಲ್ಲಿ ನಡೆದ 'ಸೆವೆನ್ ಅಮೆರಿಕನ್ಸ್' ಪ್ರದರ್ಶನದಲ್ಲಿ ತೂಗುಹಾಕಲು ಸ್ಟೀಗ್ಲಿಟ್ಸ್ ಒಪ್ಪಲಿಲ್ಲ. ಓಕೀಫ್ ಆ ಚಿತ್ರವನ್ನು ಹರಿಯಲಿಲ್ಲ, ಮೂಲೆಗೂ ಎಸೆಯಲಿಲ್ಲ, ಅಂಥ ಇನ್ನಷ್ಟು ಚಿತ್ರಗಳನ್ನು ಬರೆದರು. ಮರುವರ್ಷ ತಮ್ಮದೇ ಪ್ರದರ್ಶನದಲ್ಲಿ ಅದನ್ನು ತೂಗುಹಾಕಿದರು. ಮೊದಲ ದಿನವೇ 1,200 ಡಾಲರಿಗೆ ಅದು ಮಾರಾಟವಾಯಿತು. ಆಮೇಲೆ ನಗರ ಬರೆಯಬೇಡ ಎಂದವರಿಲ್ಲ.

ಇಂಥ ಸಂದರ್ಭದಲ್ಲಿ ನೀವು ಮಾಡಬೇಕಾದ್ದು ಹೀಗೆ. ಬೇಡವೆಂದ ಕಾರಣವನ್ನು ಕೇಳಿ, ಅದನ್ನು ಎರಡಾಗಿ ಒಡೆಯಿರಿ. ಚಿತ್ರ ಇನ್ನೂ ಹದಕ್ಕೆ ಬಂದಿಲ್ಲ ಎಂಬುದು ಒಂದು ಬಗೆಯ ಕಾರಣ. ಇದು ನೀವು ಬರೆಯುವಂಥದ್ದಲ್ಲ, ಇದು ಮಾರುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಮನೆಗೆ ಒಯ್ದು ಯೋಚಿಸಿ. ಅನುಭವವಿರುವ ಗ್ಯಾಲರಿಯವರ ಕಣ್ಣು ಹಲವು ಸಲ ನಮ್ಮ ಕಣ್ಣಿಗಿಂತ ಚುರುಕು. ಎರಡನೆಯದಕ್ಕೆ ಉತ್ತರವನ್ನು ಚಿತ್ರಗಳಿಂದಲೇ ಕೊಡಬೇಕು. ಹೊಸ ಬಗೆಯ ಒಂದೇ ಚಿತ್ರವನ್ನು ತೋರಿಸಿದರೆ ಅದು ದಾರಿ ತಪ್ಪಿದಂತೆ ಕಾಣುತ್ತದೆ, ಆರು ಏಳು ಇದ್ದರೆ ದಾರಿಯೇ ಕಾಣುತ್ತದೆ. ಹಾಗಾಗಿ ಅಷ್ಟಾಗುವವರೆಗೆ ತೋರಿಸಬೇಡಿ. ಕರಾರಿನಲ್ಲಿ, ಪ್ರದರ್ಶನಕ್ಕೆ ಯಾವ ಚಿತ್ರಗಳು ಎಂಬ ಆಯ್ಕೆಯಲ್ಲಿ ಒಂದು ಪಾಲಾದರೂ ಕಲಾವಿದರದ್ದು ಎಂಬ ಮಾತನ್ನು ಸೇರಿಸಿಕೊಳ್ಳಿ.

ನಿಮ್ಮ ಬಗ್ಗೆ ಹೇಳುವ ಮಾತು

ಓಕೀಫ್ ಅವರಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ಹಣದ ವಿಷಯವಲ್ಲ, ಅರ್ಥದ ವಿಷಯ. 1921ರಲ್ಲಿ ಸ್ಟೀಗ್ಲಿಟ್ಸ್ ತಮ್ಮ ಛಾಯಾಚಿತ್ರಗಳ ಪ್ರದರ್ಶನ ಮಾಡಿದಾಗ ಅದರಲ್ಲಿ ಓಕೀಫ್ ಅವರ ಅನೇಕ ಭಾವಚಿತ್ರಗಳಿದ್ದವು, ಕೆಲವು ನಗ್ನ ಚಿತ್ರಗಳೂ ಇದ್ದವು. ಊರೆಲ್ಲ ಅದರ ಮಾತಾಯಿತು. ಎರಡು ವರ್ಷಗಳ ಮೇಲೆ, 1923ರ ಜನವರಿಯಲ್ಲಿ, ಆಂಡರ್ಸನ್ ಗ್ಯಾಲರೀಸ್‌ನಲ್ಲಿ ಅವರ ನೂರು ಕೃತಿಗಳನ್ನು ತೂಗುಹಾಕಿದಾಗ, ನೋಡಲು ಬಂದವರ ಕಣ್ಣಲ್ಲಿ ಮೊದಲೇ ಆ ಛಾಯಾಚಿತ್ರಗಳು ಕೂತಿದ್ದವು. ವಿಮರ್ಶಕರು ಹೂವಿನಲ್ಲೂ ಗುಡ್ಡದಲ್ಲೂ ಅಮೂರ್ತ ಆಕಾರದಲ್ಲೂ ಹೆಣ್ಣಿನ ದೇಹವನ್ನೇ ಓದಿದರು. ಸ್ಟೀಗ್ಲಿಟ್ಸ್ ಬಳಗ ಆ ಓದನ್ನು ತಡೆಯಲಿಲ್ಲ, ಬೆಳೆಸಿತು. ಅದರಿಂದ ಹೆಸರು ಬಂತು, ಚಿತ್ರಗಳು ಮಾರಾಟವಾದವು, ಕಲಾವಿದೆಗೆ ಮಾತ್ರ ತನ್ನ ಕೆಲಸವೇ ತನಗೆ ಅಪರಿಚಿತವಾಗಿ ಮರಳಿ ಬಂದಂತಾಯಿತು.

ಅವರು ಎರಡು ರೀತಿಯಲ್ಲಿ ಉತ್ತರಿಸಿದರು. ಕುಂಚದಿಂದ ಕೊಟ್ಟ ಉತ್ತರವೆಂದರೆ ಅಮೂರ್ತವನ್ನು ಸ್ವಲ್ಪ ಹಿಂದಿಟ್ಟು, ಗುರುತು ಸಿಗುವ ವಸ್ತುಗಳ ಕಡೆ ತಿರುಗಿದ್ದು. 1924ರಿಂದ ಬರೆಯತೊಡಗಿದ ದೊಡ್ಡ ಹೂಗಳು, ಒಂದು ದಳವೇ ಇಡೀ ಕ್ಯಾನ್ವಾಸನ್ನು ಆವರಿಸುವಂಥವು, ಆ ಕಾಲದವು. ಅವಸರದ ನಗರದ ಜನರೂ ನಿಂತು ನೋಡುವಷ್ಟು ದೊಡ್ಡದಾಗಿ ಹೂವನ್ನು ಬರೆಯಬೇಕೆಂಬುದು ಅವರ ಉದ್ದೇಶವಾಗಿತ್ತು. ಇನ್ನೊಂದು ಉತ್ತರ ಲೇಖನಿಯಿಂದ ಬಂತು. 1923ರ ಕ್ಯಾಟಲಾಗಿನಲ್ಲೇ ಅವರು ತಮ್ಮ ಮಾತನ್ನು ಬರೆದರು. 1939ರ ಕ್ಯಾಟಲಾಗಿನಲ್ಲಿ ಇನ್ನೂ ನೇರವಾಗಿ, ನನ್ನ ಹೂವನ್ನು ನೋಡಿ ನಿಮಗೆ ನೆನಪಾದದ್ದನ್ನೆಲ್ಲ ಅದರ ಮೇಲೆ ಹೇರುತ್ತೀರಿ, ನಾನು ಕಂಡದ್ದೂ ಅದೇ ಎಂಬಂತೆ ಬರೆಯುತ್ತೀರಿ, ಅದು ನಿಜವಲ್ಲ ಎಂಬರ್ಥದ ಮಾತನ್ನು ಹೇಳಿದರು.

ಆದ್ದರಿಂದ ಗ್ಯಾಲರಿಯವರು ನಿಮ್ಮ ಬಗ್ಗೆ ಬರೆಯುವ ಮೊದಲೇ ನೀವು ಬರೆದಿಡಿ. ಒಂದು ಪುಟ ಸಾಕು. ಏನನ್ನು ನೋಡುತ್ತಿದ್ದೀರಿ, ಯಾವ ಸಾಮಗ್ರಿಯಲ್ಲಿ, ಎಷ್ಟು ಕಾಲದಿಂದ, ಈ ಸಲ ಏನು ಬದಲಾಯಿತು, ಇಷ್ಟನ್ನು ತಿಳಿಗನ್ನಡದಲ್ಲಿ ಬರೆಯಿರಿ. ಅಸ್ಮಿತೆ, ಅನುಸಂಧಾನ, ಅಂತರಂಗದ ಪಯಣ ಎಂಬಂಥ ಮಾತುಗಳು ಯಾವ ಚಿತ್ರಕ್ಕಾದರೂ ಒಪ್ಪುತ್ತವೆ, ಅದಕ್ಕೇ ನಿಮ್ಮ ಚಿತ್ರಕ್ಕೆ ಒಪ್ಪುವುದಿಲ್ಲ. ಅಚ್ಚಿಗೆ ಹೋಗುವ ಪ್ರತಿ ಬರಹವನ್ನೂ ಮೊದಲು ನಿಮಗೆ ತೋರಿಸಬೇಕೆಂದು ಕೇಳಿಕೊಳ್ಳಿ. ನಿಮ್ಮ ಜಾತಿ, ಊರು, ಕಷ್ಟ, ಹೆಣ್ಣೆಂಬ ಗುರುತು, ಇವುಗಳಲ್ಲಿ ಯಾವುದನ್ನಾದರೂ ಚಿತ್ರ ಮಾರಲು ಮುಂದಿಡುವ ಆತುರ ಕಂಡರೆ ಅಲ್ಲೇ ತಡೆಯಿರಿ. ಒಮ್ಮೆ ಅಂಟಿಕೊಂಡ ಓದು ಅಳಿಸಿಹೋಗಲು ದಶಕಗಳೇ ಬೇಕು. ಓಕೀಫ್ ಅವರ ಹೂಗಳಿಗೆ ಅದು ಇಂದಿಗೂ ಅಂಟಿಕೊಂಡೇ ಇದೆ.

ಬೆಲೆ

ಸ್ಟೀಗ್ಲಿಟ್ಸ್ ತಮ್ಮನ್ನು ವ್ಯಾಪಾರಿ ಎಂದು ಕರೆದುಕೊಳ್ಳುತ್ತಿರಲಿಲ್ಲ. ಚಿತ್ರದ ಬೆಲೆಯನ್ನು ಎತ್ತರದಲ್ಲಿಟ್ಟು, ಕೊಳ್ಳಲು ಬಂದವರು ಅದಕ್ಕೆ ತಕ್ಕವರೇ ಎಂದು ಅವರನ್ನೇ ಪರೀಕ್ಷಿಸುತ್ತಿದ್ದರು. ಆ ಕ್ರಮದ ಒಂದು ಭಾಗ ಇಂದಿಗೂ ಸರಿ: ಕಡಿಮೆ ಚಿತ್ರಗಳನ್ನು, ಇಳಿಸದ ಬೆಲೆಗೆ, ಉಳಿಸಿಕೊಳ್ಳುವವರ ಕೈಗೆ ಕೊಡುವುದು. ಆದರೆ ಸುದ್ದಿಯ ಬೆಲೆಯನ್ನು ನಂಬಬೇಡಿ. 1928ರಲ್ಲಿ ಓಕೀಫ್ ಅವರ ಕ್ಯಾಲಾ ಲಿಲಿ ಹೂವಿನ ಆರು ಪುಟ್ಟ ಚಿತ್ರಗಳು 25,000 ಡಾಲರಿಗೆ ಮಾರಾಟವಾದವೆಂದು ಪತ್ರಿಕೆಗಳು ಬರೆದವು. ಆ ಸುದ್ದಿ ಅವರನ್ನು ಮನೆಮಾತಾಗಿಸಿತು. ವ್ಯವಹಾರ ಮಾತ್ರ ಹೇಳಿದಂತೆ ಪೂರ್ತಿಯಾಗಲಿಲ್ಲ. ನಿಮ್ಮ ಬೆಲೆಯನ್ನು ಅಳತೆ ಮತ್ತು ಸಾಮಗ್ರಿಗೆ ತಕ್ಕ ಒಂದೇ ಲೆಕ್ಕದಲ್ಲಿ ಕಟ್ಟಿ, ಮನೆಯಿಂದ ಮಾರಿದರೂ ಗ್ಯಾಲರಿಯಿಂದ ಮಾರಿದರೂ ಅದೇ ಬೆಲೆ ಇರಲಿ. ಗ್ಯಾಲರಿಯ ಬೆನ್ನ ಹಿಂದೆ ಕಡಿಮೆಗೆ ಮಾರಿದ ಸುದ್ದಿ ಒಂದು ತಿಂಗಳೊಳಗೆ ಗ್ಯಾಲರಿಗೆ ತಲುಪುತ್ತದೆ.

ಗೋಡೆಯಿಂದ ದೂರ ಹೋಗುವುದು

1923ರಿಂದ 1946ರವರೆಗೆ ಸ್ಟೀಗ್ಲಿಟ್ಸ್ ಸುಮಾರಾಗಿ ಪ್ರತಿ ವರ್ಷವೂ ಓಕೀಫ್ ಅವರ ಹೊಸ ಕೆಲಸದ ಪ್ರದರ್ಶನ ಮಾಡಿದರು. ಮೊದಲು ಆಂಡರ್ಸನ್ ಗ್ಯಾಲರೀಸ್‌ನಲ್ಲಿ, ಆಮೇಲೆ ಅದೇ ಕಟ್ಟಡದ 303ನೆಯ ಕೋಣೆಯ 'ಇಂಟಿಮೇಟ್ ಗ್ಯಾಲರಿ'ಯಲ್ಲಿ, 1929ರ ಕೊನೆಯಿಂದ ಮ್ಯಾಡಿಸನ್ ಅವೆನ್ಯೂವಿನ 17ನೆಯ ಮಹಡಿಯ 'ಆನ್ ಅಮೆರಿಕನ್ ಪ್ಲೇಸ್'ನಲ್ಲಿ. ವರ್ಷಕ್ಕೊಂದು ಪ್ರದರ್ಶನ ಎಂಬ ಶಿಸ್ತು ಕಲಾವಿದೆಯನ್ನು ಬೆಳೆಸಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಗೋಡೆ ತುಂಬಲು ಬೇಕಾದದ್ದು ಗೋಡೆಯ ಹತ್ತಿರ ಸಿಗಲಿಲ್ಲ.

1929ರ ಬೇಸಿಗೆಯಲ್ಲಿ ಓಕೀಫ್ ನ್ಯೂ ಮೆಕ್ಸಿಕೋದ ಟಾವೋಸ್‌ಗೆ ಹೋದರು. ಅಲ್ಲಿ ಕಾರು ಓಡಿಸಲು ಕಲಿತು, ಮಾಡೆಲ್ ಎ ಫೋರ್ಡ್ ಒಂದನ್ನು ಕೊಂಡರು. ಮುಂದಿನ ಆಸನವನ್ನು ಬಿಚ್ಚಿ ಹಿಂದುಮುಂದಾಗಿ ತಿರುಗಿಸಿ, ಹಿಂದಿನ ಆಸನದ ಮೇಲೆ ಕ್ಯಾನ್ವಾಸ್ ಆನಿಸಿಟ್ಟು, ಬಿಸಿಲು ಗಾಳಿಯಿಂದ ಮರೆಯಾಗಿ ಕಾರಿನೊಳಗೇ ಕುಳಿತು ಬರೆಯುತ್ತಿದ್ದರು. ಹೂವು ಅಪರೂಪವಾದ ಆ ಒಣನೆಲದಲ್ಲಿ ಸಿಕ್ಕ ಪ್ರಾಣಿಗಳ ಮೂಳೆಗಳನ್ನು ಪೀಪಾಯಿಯೊಂದರಲ್ಲಿ ತುಂಬಿ ಪೂರ್ವಕ್ಕೆ ಸಾಗಿಸಿದರು. 1931ರಲ್ಲಿ ಬರೆದ ಹಸುವಿನ ತಲೆಬುರುಡೆಯ ಚಿತ್ರ ಹಾಗೆ ಹುಟ್ಟಿದ್ದು. ಆಮೇಲೆ ಹೆಚ್ಚಿನ ಬೇಸಿಗೆಗಳು ಅಲ್ಲಿ, ಚಳಿಗಾಲ ನ್ಯೂಯಾರ್ಕಿನಲ್ಲಿ. 1934ರಲ್ಲಿ ಘೋಸ್ಟ್ ರ್‍ಯಾಂಚ್ ಎಂಬ ಜಾಗ ಕಂಡು, 1940ರಲ್ಲಿ ಅಲ್ಲೊಂದು ಮನೆ ಕೊಂಡರು. ಸ್ಟೀಗ್ಲಿಟ್ಸ್ ಆ ನಾಡಿಗೆ ಒಮ್ಮೆಯೂ ಹೋಗಲಿಲ್ಲ. ಅವರ ನಡುವಿನ ಪತ್ರಗಳು ಒಟ್ಟು ಸುಮಾರು 25,000 ಪುಟ. ದೂರವನ್ನು ತುಂಬಲು ಅವರು ಬರೆದರು, ದೂರವನ್ನು ಬಿಟ್ಟುಕೊಡಲಿಲ್ಲ. ನಿಮ್ಮ ವರ್ಷದಲ್ಲೂ ಗ್ಯಾಲರಿಯವರ ಕರೆ ಬಾರದ, ಯಾರೂ ಅರ್ಧ ಮುಗಿದ ಚಿತ್ರ ನೋಡದ ಕೆಲವು ತಿಂಗಳುಗಳನ್ನು ಮೊದಲೇ ಗೊತ್ತುಮಾಡಿ, ಪ್ರದರ್ಶನದ ದಿನಾಂಕವನ್ನು ಅದಕ್ಕೆ ಹೊಂದಿಸಿ.

ಹೊರಗಿನ ಕೆಲಸ ಒಪ್ಪಿಕೊಳ್ಳುವಾಗ ಎಚ್ಚರ ಬೇಕು. 1932ರಲ್ಲಿ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನ ಒಂದು ಕೋಣೆಗೆ ಭಿತ್ತಿಚಿತ್ರ ಬರೆಯಲು ಓಕೀಫ್ 1,500 ಡಾಲರಿಗೆ ಒಪ್ಪಿದರು. ಸ್ಟೀಗ್ಲಿಟ್ಸ್‌ಗೆ ಅದು ಇಷ್ಟವಿರಲಿಲ್ಲ. ಗೋಡೆ ಸರಿಯಾಗಿ ಒಣಗುವ ಮೊದಲೇ ಅಂಟಿಸಿದ್ದ ಕ್ಯಾನ್ವಾಸ್ ಕಿತ್ತು ಬರತೊಡಗಿತು, ಅವರು ಕೆಲಸ ಬಿಟ್ಟರು, ಮರುವರ್ಷ ಮನಸ್ಸು ಕುಸಿದು ಆಸ್ಪತ್ರೆ ಸೇರಬೇಕಾಯಿತು. ದಿನಗಡುವು, ಗೋಡೆಯ ಸ್ಥಿತಿ, ಗ್ಯಾಲರಿಯ ಒಪ್ಪಿಗೆ, ಈ ಮೂರೂ ಖಚಿತವಾಗದೆ ಇಂಥ ಕೆಲಸ ಹಿಡಿಯಬೇಡಿ. 1939ರಲ್ಲಿ ಅನಾನಸ್ ಕಂಪನಿಯೊಂದರ ಜಾಹೀರಾತಿಗಾಗಿ ಒಂಬತ್ತು ವಾರ ಹವಾಯಿಯಲ್ಲಿದ್ದ ಪ್ರಸಂಗ ಇದಕ್ಕಿಂತ ಸುಖವಾದದ್ದು: ಅವರು ತಮಗೆ ಬೇಕಾದ್ದನ್ನೆಲ್ಲ ಬರೆದರು, ಅನಾನಸ್ ಒಂದನ್ನು ಬಿಟ್ಟು, ಕಡೆಗೆ ಕಂಪನಿಯೇ ಗಿಡವೊಂದನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಕಳಿಸಿದ ಮೇಲೆ ಅದನ್ನೂ ಬರೆದುಕೊಟ್ಟರು.

ಲೆಕ್ಕ ಮುಗಿಸುವುದು

ಸ್ಟೀಗ್ಲಿಟ್ಸ್ 1946ರ ಜುಲೈ 13ರಂದು ತೀರಿಕೊಂಡರು. ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಓಕೀಫ್ ಅವರ ಸಿಂಹಾವಲೋಕನ ಪ್ರದರ್ಶನ ಮಾಡಿತ್ತು, ಅಲ್ಲಿ ಒಬ್ಬ ಮಹಿಳೆಗೆ ಸಿಕ್ಕ ಮೊದಲನೆಯದು. ಸ್ಟೀಗ್ಲಿಟ್ಸ್ ಬಿಟ್ಟುಹೋದ ಕಲಾಸಂಗ್ರಹವನ್ನೂ ಪತ್ರರಾಶಿಯನ್ನೂ ವಿಂಗಡಿಸಿ, ಮೆಟ್ರೊಪಾಲಿಟನ್ ಮ್ಯೂಸಿಯಂ, ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್, ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳಿಗೆ ಹಂಚಲು ಅವರಿಗೆ ಸುಮಾರು ಮೂರು ವರ್ಷ ಹಿಡಿಯಿತು. ಆ ಕಾಲದಲ್ಲಿ ಅವರು ಚಿತ್ರ ಬರೆದದ್ದು ಬಹಳ ಕಡಿಮೆ. 1949ರಲ್ಲಿ ನ್ಯೂ ಮೆಕ್ಸಿಕೋಗೆ ಪೂರ್ತಿಯಾಗಿ ಹೋಗಿ ನೆಲೆಸಿದರು. 1950ರಲ್ಲಿ ಆನ್ ಅಮೆರಿಕನ್ ಪ್ಲೇಸ್‌ನಲ್ಲಿ ತಮ್ಮದೇ ಚಿತ್ರಗಳ ಕಡೆಯ ಪ್ರದರ್ಶನ ಮಾಡಿ ಅದರ ಬಾಗಿಲು ಹಾಕಿದರು. ಆಮೇಲೆ ಅವರ ಚಿತ್ರಗಳ ಹೊಣೆ ಈಡಿತ್ ಹಾಲ್ಪರ್ಟ್ ಅವರ ಡೌನ್‌ಟೌನ್ ಗ್ಯಾಲರಿಗೆ ಹೋಯಿತು.

ನಿಮ್ಮ ಗ್ಯಾಲರಿಯ ಸಂಬಂಧ ಮುಗಿಯುವ ದಿನ ಬಂದಾಗ, ಜಗಳದಿಂದ ಮುಗಿದರೂ ಸರಿ, ಸಾವಿನಿಂದ ಮುಗಿದರೂ ಸರಿ, ಒಪ್ಪಿಸಿದ ದಿನದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಿ. ಮಾರಿದ್ದಕ್ಕೆ ಹಣ ಬಂದಿದೆಯೇ, ಮಾರದ್ದು ಎಲ್ಲಿದೆ, ಯಾರಿಗಾದರೂ ಎರವಲು ಕೊಟ್ಟಿದ್ದಾರೆಯೇ ಎಂದು ಒಂದೊಂದಾಗಿ ಕೇಳಿ, ಪ್ರತಿ ಸಾಲಿನ ಮುಂದೆ ಇಬ್ಬರೂ ಸಹಿ ಹಾಕಿ. ಚಿತ್ರಗಳು ಮರಳಿದಾಗ ಕಟ್ಟು ಬಿಚ್ಚಿ, ಒಂದೊಂದನ್ನೂ ಬೆನ್ನು ತಿರುಗಿಸಿ ನಿಮ್ಮ ಗುರುತು ನೋಡಿ. ಮೂಲೆಗಳನ್ನು, ಕ್ಯಾನ್ವಾಸಿನ ಬಿಗಿಯನ್ನು, ತೇವದ ಕಲೆಗಳನ್ನು ಹಗಲಿನ ಬೆಳಕಿನಲ್ಲೇ ಪರೀಕ್ಷಿಸಿ, ಸಾಗಿಸಿ ತಂದವರು ಹೊರಡುವ ಮೊದಲೇ ರಸೀದಿಗೆ ಸಹಿ ಮಾಡಿ ಕೊಡಿ.